ಮಾಲ್ಟಾಕ್ಕೆ ಹೊರಡುವ ಮುಂಚೆ

ಬೇರೆಯವರು ಪ್ರವಾಸ ಮುಗಿಸಿ ಬಂದಮೇಲೆ ಕಥೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಆಗಬೇಕಾದದ್ದೆಲ್ಲ ಹೊರಡುವ ಮುಂಚೆಯೇ ಆಗಿ ಮುಗಿದಿರುತ್ತದೆ. ಆಮೇಲೆ ಹೋಗಿ ಬರುವುದೇನಿದ್ದರೂ ಟಿಕೆಟ್ ತೆಗೆದುಕೊಂಡ ತಪ್ಪಿಗೆ. ಇದು ನಮ್ಮ ಜಾತಕದಲ್ಲೇ ಇದೆ ಎಂದು ಕಾಣುತ್ತದೆ.

ನಾವಿರುವುದು ಐರ್‌ಲೆಂಡಿನ ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ. ನಾನು ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವಳು. ನಮ್ಮ ಮನೆಯವರು ರಿಂಗಾಸ್ಕಿಡಿಯಲ್ಲಿ ಔಷಧ ತಯಾರಿಸುವ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದಾರೆ. ಒಂಬತ್ತು ವರ್ಷದ ಮಗಳಿದ್ದಾಳೆ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕ್ ಇಂಗ್ಲಿಷಿನಲ್ಲಿ. ಹೋದ ವರ್ಷ ನಮ್ಮ ಕೈಗೆ ಐರಿಶ್ ಪಾಸ್‌ಪೋರ್ಟ್ ಬಂತು. ವೀಸಾಕ್ಕೆ ಕೈಕಟ್ಟಿ ನಿಲ್ಲದೆ, ಬ್ಯಾಗು ಎತ್ತಿಕೊಂಡು ಯುರೋಪಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಯಾಕೆಂದರೆ ನನಗೊಂದು ಆಸೆಯಿತ್ತು. ಮೈಸೂರಿನಲ್ಲಿ ಬೆಳೆದ ನಾನು ಅಲ್ಲಿ ನೀರನ್ನು ದಡದಲ್ಲಿ ನಿಂತು ನೋಡಿದ್ದೆನೇ ಹೊರತು ಇಳಿದವಳಲ್ಲ. ನಲವತ್ತು ದಾಟಿದ ಮೇಲೆ ಇಲ್ಲಿನ ಈಜುಕೊಳದಲ್ಲಿ ಚಿಕ್ಕ ಮಕ್ಕಳ ಪಕ್ಕದಲ್ಲಿ ಹಲಗೆ ಹಿಡಿದು ಕಾಲು ಬಡಿದು ಈಜು ಕಲಿತಿದ್ದೆ. ಒಮ್ಮೆಯಾದರೂ ಸಮುದ್ರದಲ್ಲಿ ಈಜಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು. ಉಳಿದದ್ದೆಲ್ಲ ಅದರ ಸುತ್ತ ನಡೆದ ರಾದ್ಧಾಂತ.

ಇಲ್ಲೂ ಸಮುದ್ರ ಇದೆಯಲ್ಲ

ಮೆಡಿಟರೇನಿಯನ್ ಕಡೆಯ ಯಾವುದಾದರೂ ದ್ವೀಪಕ್ಕೆ ನಾಲ್ಕು ದಿನ ಹೋಗಿ ಬರೋಣ, ಮಾಲ್ಟಾ ಆದರೆ ಚೆನ್ನ ಎಂದೆ. ಅಲ್ಲೇನಿದೆ ಎಂದರು ನಮ್ಮ ಮನೆಯವರು. ಸಮುದ್ರ ಇದೆ ಎಂದೆ. ಸಮುದ್ರ ಇಲ್ಲೂ ಇದೆಯಲ್ಲ, ನಾನು ದಿನಾ ಕೆಲಸಕ್ಕೆ ಹೋಗುವಾಗ ನೋಡುತ್ತೇನಲ್ಲ ಎಂದರು. ಅಷ್ಟಕ್ಕೇ ಬಿಡದೆ, ಆ ಭಾನುವಾರವೇ ನಮ್ಮಿಬ್ಬರನ್ನೂ ಕಾರಿಗೆ ಹತ್ತಿಸಿಕೊಂಡು ಹತ್ತಿರದ ಬೀಚಿಗೆ ಕರೆದುಕೊಂಡು ಹೋದರು.

ಜೂನ್ ತಿಂಗಳು, ಆದರೂ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಮ್ಮ ಅಮ್ಮನ ವಯಸ್ಸಿನ ನಾಲ್ಕಾರು ಹೆಂಗಸರು ಕತ್ತಿನವರೆಗೆ ನೀರಿನಲ್ಲಿ ನಿಂತು, ಮೊಮ್ಮಕ್ಕಳ ವಿಷಯ ಮಾತಾಡಿಕೊಳ್ಳುತ್ತಿದ್ದರು. ಅವರನ್ನು ನೋಡಿ ಧೈರ್ಯ ಬಂದು ಇಳಿದೆ. ಮೊಣಕಾಲು ಮುಳುಗುವ ಹೊತ್ತಿಗೆ ಅದರ ಕೆಳಗೆ ನನಗೆ ಕಾಲಿದೆಯೋ ಇಲ್ಲವೋ ಎಂಬುದೇ ಗೊತ್ತಾಗಲಿಲ್ಲ. ಅಮ್ಮಾ ಎಂದು ಕೂಗಿಕೊಂಡೆ.

ಅವರಲ್ಲೊಬ್ಬರು ಹತ್ತಿರ ಬಂದು, ಒಂದು ಸಲ ಪೂರ್ತಿ ಮುಳುಗಿಬಿಡು, ಆಮೇಲೆ ಗ್ರ್ಯಾಂಡ್ ಎಂದು ಸಮಾಧಾನ ಹೇಳಿದರು. ಇಲ್ಲಿನವರಿಗೆ ಎಲ್ಲವೂ ಗ್ರ್ಯಾಂಡ್, ಅಂದರೆ ಏನೂ ತೊಂದರೆಯಿಲ್ಲ. ಮಳೆ ಬಂದರೂ ಗ್ರ್ಯಾಂಡ್, ಕಾಲು ಮುರಿದುಕೊಂಡರೂ ಗ್ರ್ಯಾಂಡ್. ನಮ್ಮ ಮನೆಯವರು ದಡದಲ್ಲಿ ಜಾಕೆಟ್ಟು, ಟೋಪಿ ಹಾಕಿಕೊಂಡು, ಫ್ಲಾಸ್ಕು ಹಿಡಿದು ನಿಂತಿದ್ದರು.

"ಕೇಳಿಸ್ಕೊಂಡ್ಯಾ? ಗ್ರ್ಯಾಂಡ್ ಅಂತೆ," ಎಂದರು.

"ಹಾಗಾದ್ರೆ ನೀವೂ ಬನ್ನಿ."

ಆ ಹೆಂಗಸರೂ ಕೈಬೀಸಿ ಕರೆದರು. ಅಷ್ಟು ಜನ ಹಿರಿಯರು ಕರೆದಮೇಲೆ ಇಲ್ಲ ಎನ್ನಲು ನಮ್ಮ ಮನೆಯವರಿಗೆ ಬಾಯಿ ಬರಲಿಲ್ಲ. ಒಂದು ಶೂ ಬಿಚ್ಚಿದರು, ಒಂದು ಸಾಕ್ಸ್ ಬಿಚ್ಚಿದರು, ಹೆಬ್ಬೆರಳನ್ನು ನೀರಿಗೆ ಮುಟ್ಟಿಸಿದರು. ತಿರುಗಿ ಕಾರಿನ ಕಡೆ ನಡೆದರು. ನಾನು ಮೈ ಒರೆಸಿಕೊಂಡು ಬರುವಷ್ಟರಲ್ಲಿ ಕಾರಿನ ಹೀಟರ್ ಹಾಕಿ, ಇನ್ನೂ ಒಂದೇ ಕಾಲಿನಲ್ಲಿ ಸಾಕ್ಸ್ ಇರುವಾಗಲೇ, ಮಾಲ್ಟಾಕ್ಕೆ ಮೂರು ಟಿಕೆಟ್ ಬುಕ್ ಮಾಡಿಬಿಟ್ಟಿದ್ದರು.

ಮೂವತ್ತು ನಿಮಿಷದ ಬೀಚು

ಔಷಧದ ಕಾರ್ಖಾನೆಯಲ್ಲಿ ಏನು ಮಾಡಬೇಕಾದರೂ ಮೊದಲು ಬರೆದಿಡಬೇಕಂತೆ. ಬರೆದದ್ದಕ್ಕೆ ಸಹಿ ಬೇಕು. ಬರೆದ ಹಾಗೆ ಮಾಡದಿದ್ದರೆ, ಯಾಕೆ ಮಾಡಲಿಲ್ಲ ಎಂದು ಇನ್ನೊಂದು ಬರೆಯಬೇಕು. ಇಷ್ಟು ವರ್ಷ ಇದೇ ಕೆಲಸ ಮಾಡಿದ ಮನುಷ್ಯ ಪ್ರವಾಸದ ಯೋಜನೆ ಹಾಕಿದರೆ ಹೇಗಿರುತ್ತದೆ? ಕೋಟೆಗಳು, ಚರ್ಚುಗಳು, ಸಾವಿರಾರು ವರ್ಷ ಹಳೆಯ ಕಲ್ಲಿನ ಗುಡಿಗಳು, ಎಲ್ಲಕ್ಕೂ ಒಳಗೆ ಹೋಗುವ ಹೊತ್ತು, ಹೊರಗೆ ಬರುವ ಹೊತ್ತು. ಸನ್‌ಸ್ಕ್ರೀನ್ ಹಚ್ಚಿಕೊಳ್ಳುವ ವಿಧಾನಕ್ಕೇ ಒಂದು ಪುಟ.

ನಾನು ಬೀಚು ಎಲ್ಲಿದೆ ಎಂದು ಹುಡುಕಿದೆ. ಕೊನೆಯ ದಿನ, ಊಟಕ್ಕೂ ಏರ್‌ಪೋರ್ಟ್ ಬಸ್ಸಿಗೂ ಮಧ್ಯೆ ಸಿಕ್ಕಿತು. ಮೂವತ್ತು ನಿಮಿಷ, ಬಟ್ಟೆ ಬದಲಿಸುವುದೂ ಸೇರಿ ಎಂದಿತ್ತು. ಇದೇನು ಎಂದು ಕೇಳಿದರೆ, ಬದಲಾವಣೆ ಬೇಕಿದ್ದರೆ ಕಾರಣ ಕೊಟ್ಟು ಕೋರಿಕೆ ಹಾಕು ಎಂದರು. ಆಗಲಿ ಎಂದು ಹಾಕಿದೆ. ಅದನ್ನು ಪರಿಶೀಲಿಸಿದವರೂ ಅವರೇ, ಒಪ್ಪಿಗೆ ಕೊಡಬೇಕಾದವರೂ ಅವರೇ. ಕಾರಣ ಸಾಲದು ಎಂದು ತಿರಸ್ಕೃತವಾಗಿ ವಾಪಸು ಬಂತು.

ನಾನು ಜಗಳವಾಡಲಿಲ್ಲ. ಮರುದಿನ ಶನಿವಾರ ಬೆಳಿಗ್ಗೆ ಅವರು ಎದ್ದು ಬಂದಾಗ ಅಡುಗೆಮನೆಯಲ್ಲಿ ಫಿಲ್ಟರ್ ತೊಳೆದು ಬೋರಲು ಹಾಕಿತ್ತು. ಇವತ್ತಿನ ಯೋಜನೆಯಲ್ಲಿ ಕಾಫಿ ಇಲ್ಲ, ಬೇಕಿದ್ದರೆ ಕಾರಣ ಕೊಟ್ಟು ಕೋರಿಕೆ ಹಾಕಿ ಎಂದೆ. ನಗುತ್ತಲೇ ಹಾಕಿದರು. ಪರಿಶೀಲನೆಯಲ್ಲಿದೆ ಎಂದೆ. ಹತ್ತು ಗಂಟೆಗೆ ಕೇಳಿದರು, ಪರಿಶೀಲನೆಯಲ್ಲಿತ್ತು. ಮಧ್ಯಾಹ್ನ ಕೇಳಿದಾಗ ನಗು ಇರಲಿಲ್ಲ.

ಸಂಜೆ ನೋಡುತ್ತೇನೆ, ಯೋಜನೆಯಿಂದ ಒಂದು ಕೋಟೆಯೂ ಎರಡು ಚರ್ಚೂ ಮಾಯವಾಗಿವೆ. ಆ ಜಾಗದಲ್ಲಿ ಬೀಚಿಗೆಂದು ಎರಡು ಇಡೀ ಬೆಳಗು ಬಂದು ಕೂತಿವೆ. ಬದಲಾವಣೆಗೆ ಕಾರಣ ಎಂಬಲ್ಲಿ ಒಂದೇ ಪದ ಬರೆದಿದ್ದರು: ಕಾಫಿ.

ಕೋಟು

ಅಗ್ಗದ ಟಿಕೆಟ್ಟು, ಒಬ್ಬೊಬ್ಬರಿಗೆ ಒಂದು ಸಣ್ಣ ಚೀಲ ಮಾತ್ರ. ಇತ್ತ ಮೈಸೂರಿನಿಂದ ಅತ್ತೆಯವರ ಫೋನು: ಅಲ್ಲಿ ಎಲ್ಲಿ ನೋಡಿದರೂ ಮೀನಂತೆ, ನೀವೇನು ತಿನ್ನುತ್ತೀರಿ? ಬ್ರೆಡ್ಡು, ಪಿಜ್ಜಾ ಸಿಗುತ್ತೆ ಅತ್ತೆ ಎಂದೆ. ಬ್ರೆಡ್ಡು ಜ್ವರ ಬಂದವರು ತಿನ್ನೋದು ಕಣಮ್ಮ ಎಂದುಬಿಟ್ಟರು.

ಗಾಲ್ವೇಯಲ್ಲಿರುವ ಗೆಳತಿ ಉಪಾಯ ಹೇಳಿಕೊಟ್ಟಳು. ವಿಮಾನದವರು ಚೀಲ ತೂಗುತ್ತಾರೆ, ಮೈಮೇಲಿನ ಬಟ್ಟೆ ತೂಗುವುದಿಲ್ಲ. ಜೇಬು ಜಾಸ್ತಿ ಇರುವ ಕೋಟು ಹಾಕಿಕೊಂಡು ಹೋಗಿ ಎಂದಳು. ನಮ್ಮ ಮನೆಯವರಿಗೆ ಇದು ಬಹಳ ಹಿಡಿಸಿತು. ಚಳಿಗಾಲದ ಕೋಟು ಹೊರಬಂತು. ಜೇಬು ಜೇಬಿಗೂ ಚಟ್ನಿಪುಡಿ, ಪುಳಿಯೋಗರೆ ಪುಡಿ, ಒಗ್ಗರಣೆ ಅವಲಕ್ಕಿ, ಕೋಡುಬಳೆ ತುಂಬಿ ತಾಲೀಮು ನಡೆಯಿತು. ಹಾಲಿನಿಂದ ಅಡುಗೆಮನೆಗೆ ನಡೆದರು, ಕೂತರು, ಎದ್ದರು, ಸೆಕ್ಯೂರಿಟಿಯಲ್ಲಿ ನಿಲ್ಲುವ ಹಾಗೆ ಎರಡೂ ಕೈ ಮೇಲೆತ್ತಿದರು. ಡ್ಯಾಡ್ ನಡೆದರೆ ಚಿಪ್ಸ್ ಪ್ಯಾಕೆಟ್ ನಡೆದ ಹಾಗೆ ಸದ್ದು ಬರುತ್ತೆ ಎಂದು ಮಗಳು ಇಂಗ್ಲಿಷಿನಲ್ಲಿ ವರದಿ ಕೊಟ್ಟಳು. ಆದರೂ ಪರೀಕ್ಷೆ ಪಾಸಾಯಿತು ಎಂದರು.

ಸೋಮವಾರ ಜೋರು ಮಳೆ. ಜೇಬು ಖಾಲಿ ಮಾಡಿದ್ದೇನೆ ಎಂದುಕೊಂಡು ಅದೇ ಕೋಟು ಹಾಕಿಕೊಂಡು ಕೆಲಸಕ್ಕೆ ಹೋದರು. ಒಂದು ಪೊಟ್ಟಣ ಕೆಳಗಿನ ಒಳಜೇಬಿನಲ್ಲಿ ಉಳಿದಿತ್ತು. ಕಾರಿನಲ್ಲಿ ಅದರ ಮೇಲೇ ಕೂತರು, ಅದು ಒಡೆಯಿತು. ಕಾರ್ಖಾನೆಯ ಬಾಗಿಲಿನಿಂದ ಕೋಟು ನೇತುಹಾಕುವ ಗೂಟದವರೆಗೆ ಕೆಂಪು ಪುಡಿಯ ಗೆರೆ ಬಿತ್ತು.

ಔಷಧದ ಕಾರ್ಖಾನೆಯಲ್ಲಿ ಯಾವುದೆಂದು ತಿಳಿಯದ ಪುಡಿ ಬಿದ್ದರೆ ಸುಮ್ಮನೆ ಗುಡಿಸುವಂತಿಲ್ಲ. ಫೋಟೋ ತೆಗೆದರು, ಚಿಟಿಕೆ ಪುಡಿಯನ್ನು ಡಬ್ಬಿಯಲ್ಲಿ ಮುಚ್ಚಿದರು, ತನಿಖೆಗೆ ಕಳಿಸಿದರು. ತನಿಖೆ ಮಾಡುವವರು ಇವರೇ. ಡಬ್ಬಿಯ ಮುಚ್ಚಳ ತೆಗೆದ ತಕ್ಷಣ ಬೆಳ್ಳುಳ್ಳಿಯ ವಾಸನೆಗೇ ನಮ್ಮ ಚಟ್ನಿಪುಡಿ ಎಂದು ಗುರುತು ಹಿಡಿದರಂತೆ. ಮೇಲಿನವರ ಹತ್ತಿರ ಹೋಗಿ ಒಪ್ಪಿಕೊಂಡರು, ಅವರು ನಕ್ಕು ಬಿಟ್ಟರು. ಆದರೂ ಪ್ರಕರಣ ಮುಗಿಸಲು ವರದಿ ಬರೆಯಲೇಬೇಕಲ್ಲ. ಕಾರಣ: ಪೊಟ್ಟಣ ಸರಿಯಾಗಿ ಕಟ್ಟಿರಲಿಲ್ಲ. ಪರಿಹಾರ: ಪೊಟ್ಟಣ ಕಟ್ಟಿದವರಿಗೆ ಮತ್ತೊಮ್ಮೆ ತರಬೇತಿ. ಕಟ್ಟಿದವಳು ನಾನು. ತರಬೇತಿ ಕೊಡಲು ಮನೆಗೆ ಬಂದವರಿಗೆ ಏನಾಯಿತು ಎಂಬುದು ಯಾವ ವರದಿಯಲ್ಲೂ ಇಲ್ಲ.

ಶನಿವಾರ, ಪೂರ್ವ ದಿಕ್ಕು

ಹೊರಡಲು ವಾರವಿದ್ದಾಗ, ಈಜುಕೊಳದ್ದು ಹರಿದುಹೋಗಿತ್ತೆಂದು ನಾನೊಂದು ಹೊಸ ಈಜುಡುಗೆ ಕೊಂಡೆ. ಮೊಣಕಾಲಿನವರೆಗೆ ಬರುವಂಥದ್ದು, ಕಪ್ಪು ಬಣ್ಣ. ಮಗಳು ಅದನ್ನು ವಿಡಿಯೋ ಕಾಲಿನಲ್ಲಿ ನೇರ ಅಜ್ಜಿಯ ಮುಖಕ್ಕೇ ಹಿಡಿದುಬಿಟ್ಟಳು. ಅತ್ತೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. ನಾನು ಏನು ಸಮಜಾಯಿಷಿ ಕೊಡಲಿ ಎಂದು ತಡಕಾಡುತ್ತಿದ್ದೆ.

"ಪ್ರಯಾಣಕ್ಕೆ ಯಾರಾದ್ರೂ ಕಪ್ಪು ತಗೋತಾರೇನಮ್ಮ? ಹಸಿರು ತಗೋ," ಎಂದರು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಅವತ್ತೇ ಹೋಗಿ ಗಿಳಿ ಹಸಿರಿನದಕ್ಕೆ ಬದಲಾಯಿಸಿಕೊಂಡು ಬಂದೆ. ಆದರೆ ಅತ್ತೆಯ ವಿಚಾರಣೆ ಮುಗಿದಿರಲಿಲ್ಲ. ಯಾವ ವಾರ ಹೊರಡುತ್ತೀರಿ ಎಂದರು. ಶನಿವಾರ. ಯಾವ ದಿಕ್ಕಿಗೆ? ಸುಮ್ಮನಿರಬಾರದೇ, ನಮ್ಮ ಮನೆಯವರು ನಕ್ಷೆ ನೋಡಿ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ಎಂದು ಪ್ರಾಮಾಣಿಕವಾಗಿ ಹೇಳಿದರು. ಶನಿವಾರ ಪೂರ್ವಕ್ಕೆ ಶೂಲ, ಹೋಗಕೂಡದು ಎಂದರು ಅತ್ತೆ. ಅಮ್ಮನ ಮಾತು ಮೀರುವ ಮಗ ಇವರಲ್ಲ. ನನ್ನ ಸಮುದ್ರ ಕೈತಪ್ಪಿತು ಎಂದುಕೊಂಡೆ.

ಅತ್ತೆಯೇ ದಾರಿ ತೋರಿಸಿದರು. ಪ್ರಸ್ಥಾನ ಇಟ್ಟುಬಿಡಿ ಎಂದರು. ಹಾಗೆಂದರೆ, ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ, ನಮ್ಮ ಬಟ್ಟೆಯ ಚೀಲವೊಂದನ್ನು ಅಕ್ಷತೆ ಹಾಕಿ ಪಕ್ಕದ ಮನೆಯಲ್ಲಿಟ್ಟು ಬರುವುದು. ಚೀಲ ಹೊರಟರೆ ನಾವೇ ಹೊರಟ ಲೆಕ್ಕ. ಮರುದಿನ ಹೋಗುತ್ತಾ ಎತ್ತಿಕೊಂಡು ಹೋದರಾಯಿತು. ಇದರಲ್ಲೂ ವಿಧಿವಿಧಾನ ಇದೆ ಎಂದು ತಿಳಿದು ನಮ್ಮ ಮನೆಯವರಿಗೆ ಉತ್ಸಾಹ ಬಂತು.

ಪಕ್ಕದ ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಒಳ್ಳೆಯ ಹೆಂಗಸು, ನಾವಿಲ್ಲದಾಗ ನಮ್ಮ ಪಾರ್ಸೆಲ್ಲುಗಳನ್ನು ತೆಗೆದಿಡುವವರು. ಶುಕ್ರವಾರ ಸಂಜೆ ಇವರು ಮೂವರ ಬೀಚಿನ ಬಟ್ಟೆ ತುಂಬಿದ ಚೀಲ ಹೊತ್ತುಕೊಂಡು ಹೋದಾಗ ಆಕೆ ಮನೆಯಲ್ಲಿರಲಿಲ್ಲ. ಒಳ್ಳೆಯ ಹೊತ್ತು ಮೀರುತ್ತದೆ ಎಂದು ಇವರು ಬಾಗಿಲ ಮುಂದಿನ ಪೋರ್ಚಿನಲ್ಲಿಟ್ಟು, ಸಾಕ್ಷಿಗೆ ಫೋಟೋ ತೆಗೆದು ಅಮ್ಮನಿಗೆ ಕಳಿಸಿ ಬಂದರು. ಅಲ್ಲಿ ಆಗಲೇ ಎರಡು ಮೂರು ಚೀಲ ಇದ್ದವಂತೆ. ಯಾಕಿವೆ ಎಂದು ಇವರಿಗೆ ಹೊಳೆಯಲಿಲ್ಲ.

ಮರುದಿನ ಏರ್‌ಪೋರ್ಟಿಗೆ ಹೊರಟಾಗ ನೋಡಿದರೆ ಪೋರ್ಚು ಖಾಲಿ. ಫೋನ್ ಮಾಡಿದೆ. ಆಕೆ ಊರಿನ ಚಾರಿಟಿ ಅಂಗಡಿಯಲ್ಲಿದ್ದರು. ಜನ ಬೇಡವೆಂದು ಕೊಟ್ಟ ಬಟ್ಟೆಬರೆ ಮಾರಿ ಬಂದದ್ದನ್ನು ಧರ್ಮಕ್ಕೆ ಕೊಡುವ ಅಂಗಡಿ ಅದು. ಶನಿವಾರ ಅಲ್ಲಿ ಆಕೆ ಬಿಟ್ಟಿ ಸೇವೆ ಮಾಡುತ್ತಾರೆ. ಊರಿನವರು ಹಳೆಯ ಬಟ್ಟೆ ತಂದು ಆಕೆಯ ಪೋರ್ಚಿನಲ್ಲಿಟ್ಟು ಹೋಗುತ್ತಾರೆ. ನಾನು ಚೀಲ ಎನ್ನುವಷ್ಟರಲ್ಲೇ, ಎಷ್ಟು ಚೆನ್ನಾಗಿ ಒಗೆದು ಮಡಿಸಿ ಕೊಟ್ಟಿದ್ದೀರಿ ಎಂದು ಹೊಗಳತೊಡಗಿದರು.

ಕಾರು ಅಂಗಡಿಗೆ ಓಡಿತು. ಮಗಳ ಟವೆಲ್ಲು ಬುಟ್ಟಿಯಲ್ಲಿ ಸಿಕ್ಕಿತು. ನಮ್ಮ ಮನೆಯವರು ಮಾಲ್ಟಾಕ್ಕೆಂದೇ ಕೊಂಡ ಹೂವಿನ ಅಂಗಿ, ಛದ್ಮವೇಷದ ಬಟ್ಟೆಗಳ ಸಾಲಿನಲ್ಲಿ ನೇತಾಡುತ್ತಿತ್ತು. ಅಕ್ಷತೆಯನ್ನು ಆಕೆ ಹಕ್ಕಿಗಳಿಗೆ ಹಾಕಿದ್ದರು. ನನ್ನ ಈಜುಡುಗೆ ಮಾತ್ರ ಇರಲಿಲ್ಲ. ಕಿಟಕಿಯ ಗೊಂಬೆಗೆ ಹಾಕಿದ ಕೂಡಲೇ, ವಿಮಾನ ಹಿಡಿಯುವ ಅವಸರದಲ್ಲಿದ್ದ ಯಾರೋ ಹೆಂಗಸು ಎಂಥಾ ಬಣ್ಣ ಎಂದು ಕೊಂಡುಹೋದಳಂತೆ.

ನಾನು ಅಲ್ಲೇ ಮಾರಾಟಕ್ಕಿಟ್ಟ ಕುರ್ಚಿಯೊಂದರ ಮೇಲೆ ಕುಸಿದು ಅತ್ತುಬಿಟ್ಟೆ. ಹಲಗೆ ಹಿಡಿದು ಕಾಲು ಬಡಿದದ್ದೆಲ್ಲ ನೆನಪಾಯಿತು. ಆಕೆ ಗಾಬರಿಯಾಗಿ ಒಳಗೆ ಹೋಗಿ ಏನೋ ಹಿಡಿದುಕೊಂಡು ಬಂದರು. ನೀಲಿ ಈಜುಡುಗೆ, ಬಿಳಿ ಚುಕ್ಕೆ, ಸೊಂಟದ ಸುತ್ತ ಪುಟ್ಟ ಲಂಗದಂಥ ನೆರಿಗೆ.

"ಇದು ನನ್ನದೇ. ಗಂಡನ ಜೊತೆ ಸಮುದ್ರಕ್ಕೆ ಇಳಿಯೋಣ ಅಂತ ತಗೊಂಡಿದ್ದೆ. ನೀರು ತಣ್ಣಗಿತ್ತು, ಇಳಿಯಲಿಲ್ಲ. ಇಲ್ಲಿ ಕೊಟ್ಟು ವರ್ಷಗಳಾದವು, ಯಾರೂ ಕೇಳಲಿಲ್ಲ. ತಗೊಂಡು ಓಡು, ವಿಮಾನ ತಪ್ಪುತ್ತೆ," ಎಂದರು.

ವಿಮಾನ ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಮಾಲ್ಟಾದಲ್ಲಿ, ಆ ನೆರಿಗೆಯ ಈಜುಡುಗೆ ಹಾಕಿಕೊಂಡು ನೀರಿಗೆ ಇಳಿದೆ. ನೀರು ಬೆಚ್ಚಗಿತ್ತು. ಸೊಂಟದವರೆಗೆ ನಡೆದು ನೆಲದಿಂದ ಕಾಲೆತ್ತಿದೆ. ಮುಳುಗಲಿಲ್ಲ, ತೇಲಿದೆ, ಆಮೇಲೆ ಈಜಿದೆ. ಆದ ಸಂತೋಷಕ್ಕೆ ನೀರಿನಲ್ಲೇ ನಕ್ಕು ಒಂದು ಗುಟುಕು ಉಪ್ಪುನೀರೂ ಕುಡಿದೆ.

ತಲೆಯೆತ್ತಿ ನೋಡಿದರೆ, ನನಗಿಂತ ಮುಂದೆ ಗಿಳಿ ಹಸಿರಿನದೇನೋ ತೇಲುತ್ತಿದೆ. ಹತ್ತಿರ ಹೋದೆ. ಕಾರ್ಕಿನ ಹೆಂಗಸು, ನಮ್ಮ ವಿಮಾನದಲ್ಲೇ ಬಂದವಳು. ಚೆಂದ ಇದೆ, ಎಲ್ಲಿ ತಗೊಂಡಿರಿ ಎಂದು ಕೇಳಿದೆ. ಬ್ಯಾಲಿನ್‌ಕೊಲಿಗ್‌ನ ಚಾರಿಟಿ ಅಂಗಡಿಯಲ್ಲಿ, ನಿನ್ನೆ ತಾನೇ, ನನ್ನ ಅದೃಷ್ಟ ಎಂದಳು. ನಿಮಗೆ ಒಪ್ಪುತ್ತದೆ ಎಂದು ಹೇಳಿ ದಡಕ್ಕೆ ಬಂದೆ.

ನಮ್ಮ ಮನೆಯವರು ಆಗಲೇ ಅಮ್ಮನಿಗೆ ಫೋನು ಹಚ್ಚಿದ್ದರು. ನಾನೇ ಇಸಿದುಕೊಂಡು, ನೋಡಿ ಅತ್ತೆ, ನಿಮ್ಮ ಪ್ರಸ್ಥಾನದಿಂದ ನನ್ನ ಬಟ್ಟೆ ಯಾರದೋ ಮೈಮೇಲೆ ನನಗಿಂತ ಮುಂಚೆ ಸಮುದ್ರಕ್ಕೆ ಇಳಿದಿದೆ ಎಂದೆ. ಈಗಲಾದರೂ ಅಯ್ಯೋ ಪಾಪ ಎನ್ನುತ್ತಾರೆ ಎಂದು ಕಾದೆ.

"ಮತ್ತೆ? ಪ್ರಸ್ಥಾನ ಅಂದ್ರೆ ಇನ್ನೇನು ಅಂದ್ಕೊಂಡಿದ್ದೆ?" ಎಂದರು ಅತ್ತೆ ಬಹಳ ತೃಪ್ತಿಯಿಂದ. "ಬಟ್ಟೆ ಮುಂದೆ ಹೋಗ್ಬೇಕು, ಮನುಷ್ಯರು ಹಿಂದೆ ಹೋಗ್ಬೇಕು. ಸರಿಯಾಗೇ ಆಗಿದೆ ಕಣಮ್ಮ."