ತವರಿನ ಟೀವಿಗೆ ಬಿದ್ದ ಗೆರೆ

ಗಂಡನ ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ ಅದು ಸೊಸೆಯ ತವರಿನಿಂದ ಬಂದದ್ದೇ ಆಗಿರುತ್ತದೆ. ಇವರ ಮನೆಯ ರೇಡಿಯೋ ಬಾಯಿ ಮುಚ್ಚಿದಾಗ ‘ಪಾಪ, ಎಷ್ಟು ವರ್ಷ ದುಡೀತು’ ಅಂದರು. ನನ್ನ ತವರು ಶೆಟ್ಟಿಕೆರೆಯಿಂದ ನಮ್ಮಪ್ಪ ಕೊಟ್ಟ ಫ್ಯಾನು ಒಂದು ಸಲ ಕಿರ್ ಅಂದದ್ದಕ್ಕೆ ‘ಶೆಟ್ಟಿಕೆರೆಯೋರ ಸಾಮಾನೇ ಇಷ್ಟು’ ಅಂದರು. ನಾನು ಓದಿದ್ದು ಹತ್ತನೇ ಕ್ಲಾಸು. ಆದರೆ ಇದು ಅನ್ಯಾಯ ಅಂತ ತಿಳಿಯಲು ಒಂದನೇ ಕ್ಲಾಸೂ ಬೇಕಾಗಿಲ್ಲ.

ಮಗಳ ನಾಮಕರಣಕ್ಕೆ ಅಪ್ಪ ಟೀವಿ ಕೊಟ್ಟರು. ಕಪ್ಪು ಬಿಳುಪಿನದು. ನಾಲ್ಕು ಕಾಲು, ಎಳೆದರೆ ಮುಚ್ಚಿಕೊಳ್ಳುವ ಮರದ ಬಾಗಿಲು, ಅದಕ್ಕೊಂದು ಬೀಗದ ಕೈ. ನೊಣವಿನಕೆರೆ ಹತ್ತಿರದ ನನ್ನ ಗಂಡನ ಊರಿನಲ್ಲಿ ಆಗ ಇದ್ದದ್ದು ಎರಡೇ ಟೀವಿ, ಪಕ್ಕದ ಮನೆಯವರದು ಮತ್ತು ನಮ್ಮದು. ಚೆನ್ನಾಗಿಯೇ ಇತ್ತು ಅದು. ತಿಪಟೂರಿನ ಕಾಲೇಜಿಗೆ ಹೋಗುವ ನನ್ನ ಮೈದುನ ಒಂದು ವೀಡಿಯೋ ಆಟದ ಡಬ್ಬ ತರುವವರೆಗೆ.

ಅದು ಅವನ ಸ್ನೇಹಿತನ ಅಣ್ಣ ದುಬೈಯಿಂದ ತಂದದ್ದಂತೆ. ಊಟದ ಡಬ್ಬಿಯಷ್ಟು ದೊಡ್ಡದು, ಕರಿ ಬಣ್ಣ. ಅದರಿಂದ ಎರಡು ವೈರು ಹೊರಟು ತುದಿಯಲ್ಲಿ ತಿರುಪುವ ಗುಂಡಿ. ಟೀವಿಗೆ ಸೇರಿಸಿದರೆ ಪರದೆಯ ಎರಡು ಕಡೆ ಎರಡು ಬಿಳಿ ಗೀಟು, ಅವು ಬ್ಯಾಟಂತೆ. ನಡುವೆ ಉದ್ದಕ್ಕೆ ಒಂದು ಗೆರೆ, ಅದು ನೆಟ್ ಅಂತೆ. ಚೌಕದ ಒಂದು ಚುಕ್ಕಿ ಆ ಕಡೆ ಈ ಕಡೆ ಓಡಾಡುತ್ತದೆ, ಅದು ಚೆಂಡಂತೆ. ಚೌಕದ ಚೆಂಡನ್ನು ನಾನು ನೋಡಿದ್ದು ಅದೇ ಮೊದಲು. ಅದಕ್ಕೆ ಇಬ್ಬರು ಗಂಡಸರು, ಒಬ್ಬ ನನ್ನ ಗಂಡ, ಒಬ್ಬ ನನ್ನ ಮೈದುನ, ಊಟ ಬಿಟ್ಟು ಕೂರುತ್ತಿದ್ದರು.

ಮೇಲಕ್ಕೆ ಹತ್ತುವ ವಾರ್ತೆ

ಡಬ್ಬ ಸೇರಿಸಿದ ದಿನ ಆಟದ ಚಿತ್ರ ನಿಲ್ಲಲೇ ಇಲ್ಲ. ಬಾವಿಯ ರಾಟೆಯ ಹಗ್ಗದ ಹಾಗೆ ಮೇಲಕ್ಕೆ ಓಡುತ್ತಿತ್ತು. ಮೈದುನ ಟೀವಿಯ ಹಿಂದೆ ಕೈ ಹಾಕಿ ಯಾವುದೋ ಸಣ್ಣ ಗುಂಡಿ ತಿರುಪಿದ. ಆಟ ನಿಂತಿತು. ಆದರೆ ಸಂಜೆ ಡಬ್ಬ ಕಿತ್ತು ವಾರ್ತೆ ಹಾಕಿದರೆ ಈಗ ವಾರ್ತೆ ಓಡತೊಡಗಿತು. ಓದುವ ಹೆಂಗಸಿನ ಕೊರಳು ಮೇಲೆ, ತಲೆ ಕೆಳಗೆ. ನೋಡನೋಡುತ್ತಿದ್ದಂತೆ ಮೇಲೆ ಹೋಗಿ ಮತ್ತೆ ಕೆಳಗಿಂದ ಹುಟ್ಟುತ್ತಾಳೆ.

ನಮ್ಮ ಅತ್ತೆ ಮುಂದೆ ಕೂತು ಅವಳ ಜೊತೆಗೇ ಕುತ್ತಿಗೆ ಎತ್ತಿ ಇಳಿಸಿ ಮಾಡುತ್ತಿದ್ದರು.

“ಈವಮ್ಮ ಯಾಕೆ ಹಿಂಗೆ ಮೇಲ್ಮೇಲಕ್ಕೆ ಹೋಗ್ತಾವ್ಳೆ?”

“ಟೀವಿ ತೊಂದರೆ ಕಣಮ್ಮ,” ಅಂದ ಮೈದುನ.

ನನಗೆ ರೇಗಿತು. “ನೀನು ಡಬ್ಬ ಹಾಕೋಕೆ ಮುಂಚೆ ನೆಟ್ಟಗೆ ನಿಂತಿತ್ತಲ್ಲಪ್ಪ?”

“ತೊಂದರೆ ಒಳಗೇ ಇತ್ತು ಅತ್ತಿಗೆ. ಡಬ್ಬ ಬಂದಿದ್ದಕ್ಕೆ ನಮಗೆ ಗೊತ್ತಾಯ್ತು, ಅಷ್ಟೇ.”

“ಹಿಂಗೇ ಆದ್ರೆ ಬೀಗರಿಗೆ ವಾಪಸ್ಸು ಕಳಿಸ್‌ಬೇಕಾಗ್ತದೆ,” ಅಂದರು ಅತ್ತೆ. ತವರಿನವರು ಕೊಟ್ಟ ಸಾಮಾನು ತವರಿಗೆ ತಿರುಗಿ ಹೋದರೆ ನಮ್ಮ ಕಡೆ ಅವಮಾನ ಆಗುವುದು ಸಾಮಾನಿಗಲ್ಲ, ಕೊಟ್ಟವರಿಗೆ. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಟೀವಿ ಇಳಿಸಿಕೊಳ್ಳುವುದನ್ನು ಇಡೀ ಶೆಟ್ಟಿಕೆರೆ ನಿಂತು ನೋಡುತ್ತದೆ.

ವಾರ್ತೆ ಮುಗಿಯುವಷ್ಟರಲ್ಲಿ ಅತ್ತೆಯ ಕುತ್ತಿಗೆ ಹಿಡಿದುಕೊಂಡಿತು. ಕೊಬ್ಬರಿ ಎಣ್ಣೆ ಬಟ್ಟಲು ನನ್ನ ಮುಂದಿಟ್ಟು ಹೇಳಿದರು, “ನೀನೇ ಉಜ್ಜು. ನೋವು ನಿಮ್ಮಪ್ಪನ ಮನೇದು.”

ಮರದ ಮೇಲಿನವನು

ನಮ್ಮ ಕಡೆ ಆಂಟೆನಾಗೆ ಯಾರೂ ಕಂಬ ತರುವುದಿಲ್ಲ. ಹಿತ್ತಲಲ್ಲಿ ಅಷ್ಟೆತ್ತರದ ತೆಂಗಿನಮರ ಇರುವಾಗ ಕಬ್ಬಿಣ ಯಾಕೆ ಅಂತ ನೆತ್ತಿಗೇ ಕಟ್ಟಿಸುತ್ತಾರೆ. ಗಾಳಿ ಬಂದರೆ ಮರ ತೂಗುತ್ತದೆ, ಮರ ತೂಗಿದರೆ ಚಿತ್ರ ತೂಗುತ್ತದೆ. ಸರಿಮಾಡಲು ಕಾಯಿ ಕೀಳುವವನೇ ಬರಬೇಕು.

ಒಂದು ದಿನ ಆಟದ ಪರದೆಯ ತುಂಬ ನುಚ್ಚಕ್ಕಿ ಚೆಲ್ಲಿದ ಹಾಗೆ ಬಂತು. ಮೈದುನ ಕಾಯಿ ಕೀಳುವವನನ್ನು ಕರೆಸಿ ಮರ ಹತ್ತಿಸಿದ. ನಮ್ಮ ಯಜಮಾನರು ಮರದ ಬುಡದಲ್ಲಿ ನಿಂತರು. ಮೈದುನ ಒಳಗೆ ಟೀವಿ ಮುಂದೆ. ನಾನು ಒಗೆಯುವ ಕಲ್ಲಿನ ಹತ್ತಿರ ನಿಂತು ಇವರ ಕಿರುಚಾಟ ಕೇಳುತ್ತಿದ್ದೆ.

“ಬಂತೇನ್ಲಾ?”

“ಇನ್ನೊಂಚೂರು ತಿರುಗ್ಸು ಅನ್ನಣ್ಣ!”

“ಈಗ?”

“ಪರವಾಗಿಲ್ಲ, ಪರವಾಗಿಲ್ಲ... ಅಯ್ಯೋ, ಹೋಯ್ತು! ಯಾಕಂತೆ ಬುಟ್ಟಿದ್ದು?”

ಮರದ ಮೇಲಿಂದ ಕೂಗು ಬಂತು. “ಬುಟ್ಟಿಲ್ಲ ಕಣಪ್ಪೋ! ಗೊದ್ದ ಇರುವೆ ಕಚ್ತಾ ಅವೆ!”

ಬಟ್ಟೆ ಮುಗಿಸಿ ಮಗಳನ್ನು ಹುಡುಕಿಕೊಂಡು ಒಳಗೆ ಹೋದೆ. ಟೀವಿಯ ಹಿಂದೆ ಕೂತು ಏನೋ ಚೀಪುತ್ತಿದ್ದಳು. ಬಾಯಿಂದ ಎಳೆದು ನೋಡಿದರೆ ಒಂದು ವೈರು.

“ಇದು ಯಾವುದರ ವೈರಪ್ಪ?”

ಮೈದುನ ತಿರುಗಿ ನೋಡಿದ. “ಆಂಟೆನಾದ್ದು ಅತ್ತಿಗೆ. ಅದನ್ನ ಕಿತ್ತೇ ಅಲ್ವಾ ಆಟದ ವೈರು ಚುಚ್ಚಬೇಕಾದ್ದು? ಇರೋದು ಒಂದೇ ತೂತು.”

“ಹಂಗಾದ್ರೆ ಮರದ ಮೇಲಿರೋನು ಚಿತ್ರ ಸರಿ ಮಾಡ್ತಾ ಇರೋದು ಯಾರಿಗೆ? ನನ್ನ ಮಗಳ ಹೊಟ್ಟೆಗಾ?”

ಅವನು ಸ್ವಲ್ಪ ಹೊತ್ತು ವೈರು ನೋಡಿದ, ಟೀವಿ ನೋಡಿದ. ಆಮೇಲೆ ಕಿಟಕಿಗೆ ಹೋಗಿ, “ಸಾಕು, ಇಳಿಯೋಕೆ ಹೇಳಣ್ಣ, ಸರಿಹೋಯ್ತು!” ಅಂತ ಕೂಗಿದ.

ಇಳಿದು ಬಂದವನು ಮೈಯೆಲ್ಲ ಕೆರೆದುಕೊಳ್ಳುತ್ತ ಮಜ್ಜಿಗೆ ಕುಡಿದ. “ನೋಡಕ್ಕ,” ಅಂದ, “ಅವ್ರು ಹೇಳ್ದಂಗೆಲ್ಲ ತಿರುಗ್ಸಿದ್ರೂ ಬರಲಿಲ್ಲ. ಕೊನೇಗೆ ನಾನೇ ಯೋಚ್ನೆ ಮಾಡಿ ಹೊಡೆದೆ ನೋಡು ಒಂದು ತಿರುವು!”

ನೀರು ಬಿಟ್ಟರೆ ಕುಗ್ಗುವುದು

ತೋಟಗಳಿಗೆ ಕರೆಂಟು ಬಿಟ್ಟ ಕೂಡಲೇ ಊರಿನ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಕೂಗುತ್ತವೆ. ಆಗ ಮನೆಯ ಬಲ್ಬು ಕೆಂಪು ಮೆಣಸಿನಕಾಯಿ ಆಗುತ್ತದೆ, ಟೀವಿಯ ಚಿತ್ರ ನಾಲ್ಕು ಕಡೆಯಿಂದಲೂ ಕುಗ್ಗಿ ಅಂಚೆ ಕಾರ್ಡಿನಷ್ಟಾಗುತ್ತದೆ. ಆಟದ ಚೆಂಡು ಸಾಸಿವೆ ಕಾಳು. ಹೊಡೆಯುವುದಿರಲಿ, ಹುಡುಕುವುದೇ ಕಷ್ಟ.

ಇದನ್ನು ನಮ್ಮ ಯಜಮಾನರು ಬೇಗ ಕಲಿತುಬಿಟ್ಟರು. ಆಟದಲ್ಲಿ ಸೋಲುವ ಹಾಗೆ ಕಂಡರೆ ಸಾಕು, “ತೋಟಕ್ಕೆ ನೀರು ಬಿಡಬೇಕು” ಅಂತ ಎದ್ದು ಹೋಗಿ ನಮ್ಮ ಮೋಟಾರನ್ನೂ ಚಾಲೂ ಮಾಡಿ ಬರುತ್ತಿದ್ದರು. ಬಂದು ಕೂರುವಷ್ಟರಲ್ಲಿ ಪರದೆ ಕುಗ್ಗಿರುತ್ತಿತ್ತು. “ಛೆ, ಈ ಟೀವೀಲಿ ಆಡೋಕಾಗಲ್ಲ ಬುಡು,” ಅಂತ ಗುಂಡಿ ಕೆಳಗಿಡುವುದು.

ನಾನು ಬಿಡಲಿಲ್ಲ. “ರೀ, ನಿನ್ನೆ ತಾನೇ ಜಡಿ ಮಳೆ ಬಂದದೆ. ಯಾವ ಮರ ನಿಮ್ಮನ್ನ ನೀರು ಕೇಳ್ತು?”

“ನಿಂಗೆ ತೋಟದ ವಿಷಯ ಗೊತ್ತಾಗಲ್ಲ ಸುಮ್ನಿರೇ.”

ತೋಟದಲ್ಲಿ ಕೆಸರು ತುಂಬಿ ಹಸು ಜಾರಿತು. ಆದರೂ ಬೈಗುಳ ಬಂದದ್ದು ಟೀವಿಗೆ. ಅತ್ತೆ ಪಕ್ಕದ ಮನೆಯಾಕೆಯ ಹತ್ತಿರ ಹೇಳುತ್ತಿದ್ದರು, “ಒಗೆದ್ರೆ ಕುಗ್ಗೋ ಸೀರೆ ನೋಡಿದ್ದೆ ಕಣಮ್ಮ. ತೋಟಕ್ಕೆ ನೀರು ಬಿಟ್ರೆ ಕುಗ್ಗೋ ಟೀವಿ ಇದೇ ಮೊದಲು.”

ಚೆಂಡು ನುಂಗುವ ತೂತು

ಒಂದು ಶುಕ್ರವಾರ ಆಟದಲ್ಲಿ ಚೆಂಡು ಮಾಯವಾಗತೊಡಗಿತು. ಪರದೆಯ ನಟ್ಟನಡುವೆ ಬಂದರೆ ಇಲ್ಲ, ದಾಟಿದರೆ ಇದೆ. ನಡುಗೆರೆಯಲ್ಲೂ ಅಲ್ಲೊಂದು ತೂತು. ಅಣ್ಣತಮ್ಮಂದಿರಿಗೆ ಜೀವ ಹೋದಂತಾಯಿತು. ತಿಪಟೂರಿನಿಂದ ಟೀವಿ ರಿಪೇರಿಯವನು ಬಂದ. ಚಿತ್ರ ಚೆನ್ನಾಗಿ ಕಾಣಲೆಂದು ಕಿಟಕಿ ಬಾಗಿಲೆಲ್ಲ ಹಾಕಿದ ಕತ್ತಲೆಯಲ್ಲಿ ಹಿಂದಿನ ಹಲಗೆ ಬಿಚ್ಚಿ, ಒಳಗೆ ಇಣುಕಿ, ನಾಲಿಗೆ ಲೊಚಗುಟ್ಟಿದ.

“ಪಿಕ್ಚರ್ ಟ್ಯೂಬಿಗೆ ಪೆಟ್ಟಾಗಿದೆ ಸಾರ್. ಬೆಂಗಳೂರಿಗೇ ತಗೊಂಡು ಹೋಗ್ಬೇಕು.”

“ನಾನು ಹೇಳಲಿಲ್ವಾ?” ಅಂದರು ಅತ್ತೆ.

ಕಾಫಿ ತಂದ ನಾನು ಲೋಟ ಕಾಣಲೆಂದು ಕಿಟಕಿ ತೆರೆದೆ. ಬೆಳಕು ಪರದೆಯ ಮೇಲೆ ಬಿತ್ತು. ನಡುವೆ ದುಂಡಗೆ, ಕೆಂಪಗೆ, ಒಂದು ಕುಂಕುಮದ ಬೊಟ್ಟು. ಬೆಳಿಗ್ಗೆ ಅತ್ತೆ ಹೊಸಿಲು, ಒರಳು, ಬೀರು ಎಲ್ಲಕ್ಕೂ ಪೂಜೆ ಮಾಡಿ ಟೀವಿಗೂ ಇಟ್ಟಿದ್ದರು. ಸೆರಗಿನಿಂದ ಒರೆಸಿದೆ. ಚೆಂಡು ಸರಾಗವಾಗಿ ಓಡಿತು.

ರಿಪೇರಿಯವನು ಸ್ಕ್ರೂಡ್ರೈವರ್ ಜೇಬಿಗಿಟ್ಟ. “ಹಿಂದೆ ಸ್ವಲ್ಪ ಟೈಟ್ ಮಾಡ್ದೆ, ಸರಿಹೋಯ್ತು ನೋಡಿ.”

ಅತ್ತೆ ನನ್ನ ಕಡೆ ತಿರುಗಿದರು. “ಶುಕ್ರವಾರದ ದಿನ ಕುಂಕುಮ ಅಳಿಸಿದ್ಯಲ್ಲೇ! ಮುತ್ತೈದೆ ಕೈಯೇನೇ ಅದು?”

“ಟೀವಿಗೆ ಮದುವೆ ಮಾಡಿದ್ದು ನಂಗೆ ಗೊತ್ತಿರಲಿಲ್ಲ ಅತ್ತೆ,” ಅಂದೆ. ಆ ಮಾತಿಗೆ ನಾನು ವಾರವೆಲ್ಲ ಬೈಸಿಕೊಂಡೆ.

ಗೆರೆ

ಈ ಗಂಡಸರು ಆಟ ಚೆನ್ನಾಗಿ ಕಾಣಲೆಂದು ಬೆಳಕಿನ ಗುಂಡಿಯನ್ನು ತುದಿಯವರೆಗೂ ತಿರುಪಿಡುತ್ತಿದ್ದರು. ಊಟಕ್ಕೆ, ತೋಟಕ್ಕೆ, ಹರಟೆಗೆ ಎದ್ದು ಹೋದಾಗಲೂ ಆರಿಸುತ್ತಿರಲಿಲ್ಲ. ನಡುಗೆರೆ ಕಂಬದ ಹಾಗೆ ಒಂದೇ ಜಾಗದಲ್ಲಿ ಉರಿಯುತ್ತಲೇ ಇರುತ್ತಿತ್ತು. ಕೊನೆಗೊಂದು ದಿನ ಡಬ್ಬ ಕಿತ್ತರೂ ಗೆರೆ ಹೋಗಲಿಲ್ಲ. ವಾರ್ತೆ ಓದುವವಳ ಹಣೆಯಿಂದ ಗಲ್ಲದವರೆಗೆ ಒಂದು ಮಸುಕು ಗೆರೆ. ಅವಳು ಸರಿದು ಕೂತರೆ ಕಿವಿಗೆ ಬರುತ್ತಿತ್ತು, ಗೆರೆ ಮಾತ್ರ ಸರಿಯುತ್ತಿರಲಿಲ್ಲ.

“ಆಟದ ಗೆರೆ ಸುಟ್ಟು ಕೂತದೆ, ಅದೇ ಜಾಗ ನೋಡಿ,” ಅಂದೆ. ಯಾರೂ ಕೇಳಲಿಲ್ಲ.

“ಗೆರೆ ಬಿದ್ದಿರೋ ಟೀವೀನ ಒರೆಸಿ ಕೊಟ್ಟವ್ರೆ,” ಅಂದರು ಅತ್ತೆ. “ಬೀಗರು ಬಂದು ತಗೊಂಡು ಹೋಗ್ಲಿ. ಬೇರೆ ಕೊಡ್ಲಿ.”

ಯಜಮಾನರ ಮುಖ ನೋಡಿದೆ. ಅವರು ಸೂರು ನೋಡಿದರು. “ಅಮ್ಮ ಹೇಳೋದೂ ಒಂದ್ ಕಡೆ ಸರಿ ಅಲ್ವಾ?”

ಅಪ್ಪನಿಗೆ ಆಚೆ ಭಾನುವಾರ ಬರಲು ಹೇಳಿ ಕಳಿಸಿದರು. ನಾನು ಟೀವಿಯ ಬಾಗಿಲು ಎಳೆದು ಬೀಗ ಹಾಕಿ, ಬೀಗದ ಕೈಯನ್ನು ತಾಳಿ ಸರಕ್ಕೆ ಸಿಕ್ಕಿಸಿಕೊಂಡೆ. ಇನ್ನು ಅದನ್ನು ಮುಟ್ಟಿದರೆ ನಮ್ಮಪ್ಪನೇ ಮುಟ್ಟಬೇಕು ಅಂದೆ. ಆಟವಿಲ್ಲದೆ ಮೈದುನ ಒಂದು ದಿನ ಒದ್ದಾಡಿದ. ಮಾರನೇ ದಿನ ಡಬ್ಬ ಬಗಲಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋದ. ಅವರ ಟೀವಿ ಬೆಂಗಳೂರಿನಿಂದ ತಂದದ್ದು, ನಮ್ಮದಕ್ಕಿಂತ ದೊಡ್ಡದು. ‘ಟೀವಿ ಅಂದ್ರೆ ಅವರದು’ ಅಂತ ಅತ್ತೆ ದಿನಕ್ಕೊಂದು ಸಲ ಹೇಳುತ್ತಿದ್ದರು. ವಾರವೆಲ್ಲ ಆ ಮನೆಯ ಗಂಡಸರ ಜೊತೆ ಅಲ್ಲಿಯೇ ಅವನ ಆಟ.

ಭಾನುವಾರ ಅಪ್ಪ ಬಂದರು. ಬಿಳಿ ಪಂಚೆ ಉಟ್ಟು, ಮೊಮ್ಮಗಳಿಗೆ ಬಿಸ್ಕತ್ತು ಹಿಡಿದು, ಯಾರೋ ಸತ್ತ ಮನೆಗೆ ಬಂದವರ ಹಾಗೆ ಚಾಪೆಯ ಅಂಚಿನಲ್ಲಿ ಕೂತರು. ಕೊಟ್ಟವರು ತಲೆ ತಗ್ಗಿಸಿದ್ದಾರೆ, ಕೆಡಿಸಿದವರು ಕಾಲ ಮೇಲೆ ಕಾಲು ಹಾಕಿದ್ದಾರೆ. ಬೀಗ ತೆಗೆದು ಟೀವಿ ಹಾಕಿದೆ. ಗೆರೆ ಇದ್ದಲ್ಲೇ ಇತ್ತು.

“ನೋಡಿ ಬೀಗರೇ,” ಅಂದರು ಅತ್ತೆ. “ಕೊಡೋವಾಗ ನೋಡಿ ಕೊಡಬಾರದಾ?”

“ಅಂಗಡೀಲಿ ಹಾಕಿ ತೋರಿಸಿದಾಗ ಚೆನ್ನಾಗಿತ್ತಮ್ಮ,” ಅಂದರು ಅಪ್ಪ ಮೆಲ್ಲಗೆ. “ಆಗಲಿ, ತಗೊಂಡು ಹೋಗ್ತೀನಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿ ನಿಮ್ಮ ಹುಡುಗ? ವಾರದಿಂದ ನಮ್ಮನೇಲಿ ಅದೇನು ಡಬ್ಬ ಆಡಿದ್ನೋ! ಬೆಂಗಳೂರಿಂದ ತಂದ ಟೀವಿ ಕಣ್ರೀ, ನಟ್ಟನಡುವೆ ಗೆರೆ ಬಿದ್ದದೆ! ಡಬ್ಬ ಕಿತ್ರೂ ಹೋಗ್ತಾ ಇಲ್ಲ!”

ಮೈದುನ ಹಿತ್ತಲ ಬಾಗಿಲಿಂದ ಕಾಣದಾದ. ಯಜಮಾನರು ಸೂರು ನೋಡಲು ಹೋಗಿ ನನ್ನ ಕಣ್ಣಿಗೆ ಸಿಕ್ಕಿಬಿದ್ದು ನೆಲ ನೋಡಿದರು. ಅಪ್ಪ ಮೊದಲ ಸಲ ತಲೆಯೆತ್ತಿದರು. ನಾನು ಅತ್ತೆಯ ಬಾಯಿಂದ ಇವತ್ತು ಏನು ಬರುತ್ತದೆ ಅಂತ ಕೈ ಕಟ್ಟಿಕೊಂಡು ನಿಂತೆ.

ಅತ್ತೆ ಪಕ್ಕದ ಮನೆಯಾಕೆಯನ್ನು ನೋಡಿದರು. ನಮ್ಮ ಟೀವಿಯ ಗೆರೆಯನ್ನು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ ಕೇಳಿದರು:

“ಅಲ್ಲಾ ಬೀಗರೇ, ಅವರ ಟೀವೀನೂ ನೀವೇ ಕೊಡಿಸಿದ್ದಾ?”