ವೆಂಕಟೇಶನ ಫೋನು ಬಿಕ್ಕುವುದಿಲ್ಲ

ಪಕ್ಕದವರ ಸೈಟು, ಒಡವೆ ನೋಡಿ ಹೊಟ್ಟೆ ಉರಿದುಕೊಳ್ಳುವವರಿಗೆ ಲೋಕದಲ್ಲಿ ಒಂದು ಮರ್ಯಾದೆಯಾದರೂ ಇದೆ. ನನಗೆ ಅದೂ ಇಲ್ಲ. ನಾನು ಹೊಟ್ಟೆ ಉರಿದುಕೊಳ್ಳುತ್ತಿರುವುದು ಕಾಮಸಮುದ್ರದ ವೆಂಕಟೇಶನ ಫೋನು ನೋಡಿ. ಅದೇನು ಹೊಸದಲ್ಲ, ಗಾಜು ಒಂದು ಮೂಲೆಯಲ್ಲಿ ಒಡೆದಿದೆ, ಹಿಂಬದಿ ಬಿಚ್ಚಿಕೊಳ್ಳದಿರಲೆಂದು ರಬ್ಬರ್ ಬ್ಯಾಂಡ್ ಸುತ್ತಿದ್ದಾನೆ. ಆದರೆ ಅದರಲ್ಲಿ ಹಾಡು ಹಾಕಿದರೆ ಬಂಗಾರಪೇಟೆಯಿಂದ ಬೆಂಗಳೂರಿನವರೆಗೆ ಒಂದು ಸಲವೂ ಬಿಕ್ಕುವುದಿಲ್ಲ. ಇಳಿಯುವಾಗ ಇಣುಕಿದರೆ ಬ್ಯಾಟರಿ ಹತ್ತಿದಾಗ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇದನ್ನೆಲ್ಲ ನೋಡಿಕೊಂಡು ಸುಮ್ಮನಿರಲು ನಾನೇನು ಸನ್ಯಾಸಿಯೇ?

ನಾನು ದಿನಾ ಬೆಳಿಗ್ಗೆ ಉರಿಗಾಂನಲ್ಲಿ ರೈಲು ಹತ್ತಿ ಬೆಂಗಳೂರಿನ ಕಚೇರಿಗೆ ಹೋಗುವ ಗುಮಾಸ್ತ. ನಮ್ಮ ಬೋಗಿಯಲ್ಲಿ ಪಾಸಿನವರದೇ ಒಂದು ಸಂಸಾರ. ಹೆಂಗಸರು ಅವರೆಕಾಯಿ ಸುಲಿಯುತ್ತಾರೆ, ಗಂಡಸರು ತೂಕಡಿಸುತ್ತಾರೆ, ಕನ್ನಡದಲ್ಲಿ ಶುರುವಾದ ಮಾತು ತಮಿಳಿಗೆ ಹೊರಳಿ ತೆಲುಗಿನಲ್ಲಿ ಮುಗಿಯುತ್ತದೆ. ಇಲ್ಲೊಂದು ಪದ್ಧತಿ ಇದೆ: ಹಾಡು ಹಾಕುವವನಿಗೆ ಕಿಟಕಿ ಸೀಟು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ. ಚಕ್ಕುಲಿ ಡಬ್ಬಿ ತೆರೆದರೂ ಮೊದಲು ಚಾಚುವುದು ಆ ಕಿಟಕಿಗೇ. ಆರು ವರ್ಷ ಆ ಸೀಟು ನನ್ನದಾಗಿತ್ತು. ಈಗ ಬಂಗಾರಪೇಟೆಯವರೆಗೆ ಮಾತ್ರ ಕೂತಿರುತ್ತೇನೆ. ಅಲ್ಲಿ ವೆಂಕಟೇಶ ಹತ್ತಿದ ಕೂಡಲೇ ಎದ್ದು ಜರುಗುತ್ತೇನೆ. ಅವನು ಮನೆಯಲ್ಲಿ ಎರಡು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿ, ಆಮೇಲೆ ಬೆಂಗಳೂರಿನ ಗೋದಾಮಿನ ಕೆಲಸಕ್ಕೆ ಬರುವವನು. ಅವನಿಗಾಗಿ ಸೀಟು ಬೆಚ್ಚಗೆ ಮಾಡಿಡುವುದು ನನ್ನ ಕೆಲಸ.

ಸೀಟು ಹೋದದ್ದು ನನ್ನ ಉಳಿತಾಯ ಬುದ್ಧಿಯಿಂದಲೇ. ಮನೆಯಲ್ಲಿ ಯಾರಾದರೂ ನೀರು ಕುಡಿಯಲು ಎದ್ದರೂ ಹಿಂದಿನಿಂದ ಹೋಗಿ ಫ್ಯಾನು ಆರಿಸುವವನು ನಾನು. ಫೋನಿನಲ್ಲಿ ಬ್ಯಾಟರಿ ಉಳಿಸುವ ಗುಂಡಿಯೊಂದಿದೆ ಎಂದು ಗೊತ್ತಾದ ದಿನ ಅದನ್ನು ಒತ್ತಿದವನಿಗೆ ಮತ್ತೆ ತೆಗೆಯಲು ಮನಸ್ಸೇ ಬರುತ್ತಿರಲಿಲ್ಲ. ಪರದೆ ಆರಿದ ಸ್ವಲ್ಪ ಹೊತ್ತಿಗೆ ಫೋನು ಹಾಡನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿತ್ತು. ಪಲ್ಲವಿ ಮುಗಿದು ಚರಣಕ್ಕೆ ಬರುವಷ್ಟರಲ್ಲಿ ಒಮ್ಮೆ ತೊದಲಿ, ಇನ್ನೊಮ್ಮೆ ಬಿಕ್ಕಿ, ನಿಂತೇಬಿಡುತ್ತಿತ್ತು. ಅವರೆಕಾಯಿ ಸುಲಿಯುವ ಕೈಗಳೂ ನಿಂತು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎದುರು ಸೀಟಿನಲ್ಲಿ ಹೂ ಕಟ್ಟುತ್ತ ಬರುವ ಸೆಲ್ವಿಯಕ್ಕ, "ಏನ್ ಸಾರ್, ನಿಮ್ದು ಪೋನು ಊಟ ಮಾಡ್ಲಿಲ್ವಾ?" ಎಂದು ಕೇಳುತ್ತಿದ್ದಳು. ಗುಂಡಿ ತೆಗೆದರೆ ಹಾಡು ಸರಿಹೋಗುತ್ತಿತ್ತು, ಆದರೆ ವೈಟ್‌ಫೀಲ್ಡ್ ಬರುವಷ್ಟರಲ್ಲಿ ಫೋನೇ ಸತ್ತಿರುತ್ತಿತ್ತು. ಹೀಗಿರುವಾಗ ಒಂದು ದಿನ ವೆಂಕಟೇಶ, "ನಾನ್ ಆಕ್ಲಾ ಸಾ?" ಎಂದು ವಿನಯದಿಂದ ಕೇಳಿದ. ಆ ವಿನಯ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅವನ ಗುಟ್ಟು ತಿಳಿಯಲು ವಾರಗಟ್ಟಲೆ ಓರೆಗಣ್ಣಲ್ಲಿ ನೋಡಿದೆ. ನಾನೂ ಒಂದು ರಬ್ಬರ್ ಬ್ಯಾಂಡ್ ಸುತ್ತಿ ನೋಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಕೊನೆಗೆ ಮಾನ ಬಿಟ್ಟು ಕೇಳಿಯೇಬಿಟ್ಟೆ.

"ನಿಮ್ ಉರಿಗಾಂನಾಗೆ ಯಾವಾಗ್ಲೋ ಒಂದ್ಸಲ ನಲ್ಲೀಲಿ ನೀರು ಬತ್ತೈತಲ್ಲ ಸಾ, ಆಗ ಏನ್ ಮಾಡ್ತೀರ?" ಎಂದ.

ಡ್ರಮ್ಮು ತುಂಬಿಸುತ್ತೇವೆ ಎಂದೆ.

"ತುಂಬ್ಸಿ, ಮೋಟ್ರು ಆಫ್ ಮಾಡ್ತೀರ. ನಿಮ್ ಪೋನು ಒಂದೊಂದು ಚೊಂಬಿಗೂ ಮೋಟ್ರು ಆಕ್ತೈತೆ ಸಾ, ಅದ್ಕೇ ಸುಸ್ತಾಗೋದು. ನಾನು ಮನೇಲೇ ನೆಟ್ಟಿಂದ ಆಡೆಲ್ಲಾ ಪೋನಿಗೆ ತುಂಬ್ಕೊಂಡು ಸಿಗ್ನಲ್ ಆಫ್ ಮಾಡ್ಬಿಡ್ತೀನಿ."

ಹುಟ್ಟಿದಾಗಿನಿಂದ ಡ್ರಮ್ಮಿನ ನೀರು ಕುಡಿದು ಬೆಳೆದ ನನಗೆ ಇವನು ಡ್ರಮ್ಮಿನ ಪಾಠ ಹೇಳಿದ. ಒಂದಿಷ್ಟು ಮುಚ್ಚಿಟ್ಟಿದ್ದರೂ ಅವನನ್ನು ಬೈದುಕೊಂಡು ಹಗುರಾಗುತ್ತಿದ್ದೆ. ಹಾಡಿನ ಆಪನ್ನು ಮಾತ್ರ ಉಳಿತಾಯದಿಂದ ಹೊರಗಿಡುವುದನ್ನೂ ನನ್ನ ಫೋನು ಇಸಿದುಕೊಂಡು ತೋರಿಸಿಕೊಟ್ಟ.

ಅವತ್ತೇ ಸಂಜೆ ಮನೆಗೆ ಹೋಗಿ ಮೂರು ಭಾಷೆಯ ಹಾಡುಗಳನ್ನೂ ಗಂಟಲವರೆಗೆ ತುಂಬಿಸಿದೆ. ಮರುದಿನ ಬಂಗಾರಪೇಟೆಯಲ್ಲಿ ಕಣ್ಣು ಬಾಗಿಲಿಗೇ ನೆಟ್ಟು ಕೂತರೆ ವೆಂಕಟೇಶ ಬರಲೇ ಇಲ್ಲ. ಅವನ ಹಸು ಕರು ಹಾಕಿದ್ದು ನನಗೆ ಆಮೇಲೆ ತಿಳಿಯಿತು. ಯಾರ ಹೊಟ್ಟೆ ಉರಿಸಲು ಇಷ್ಟೆಲ್ಲ ಮಾಡಿದ್ದೆನೋ ಅವನೇ ಇಲ್ಲ. ಆದರೂ ಕಿಟಕಿ ಬಿಡದೆ ಹಾಡು ಹಾಕಿದೆ. ಮಾಲೂರು ದಾಟಿತು, ವೈಟ್‌ಫೀಲ್ಡ್ ದಾಟಿತು, ಒಂದು ಬಿಕ್ಕೂ ಇಲ್ಲ. ಬ್ಯಾಟರಿ ಅಲ್ಲಾಡಿಲ್ಲ. ಕತ್ತು ನೆಟ್ಟಗೆ ಮಾಡಿಕೊಂಡು ಯಾರಾದರೂ ಏನಾದರೂ ಅಂದಾರೆಂದು ಕಾದೆ. ಅವರೆಕಾಯಿಯವರು ಸುಲಿಯುತ್ತಿದ್ದರು, ತೂಕಡಿಸುವವರು ತೂಕಡಿಸುತ್ತಿದ್ದರು. ಕೃಷ್ಣರಾಜಪುರ ಬರುವಷ್ಟರಲ್ಲಿ ತಡೆಯಲಾಗದೆ ಸೆಲ್ವಿಯಕ್ಕನನ್ನು, ಇವತ್ತು ಹಾಡು ಹೇಗಿತ್ತು ಎಂದು ಕೇಳಿದೆ.

"ದಿನಾ ಇರೋ ಮಾದ್ರೀನೇ ಸಾರ್," ಎಂದಳು, ಹೂವಿನಿಂದ ತಲೆಯೆತ್ತದೆ. ಆಮೇಲೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದಳು. "ಓ, ವೆಂಕಟೇಶ ಬರ್ಲಿಲ್ವಾ ಇವತ್ತು?"

ಮಾರನೆಯ ದಿನ ಅವನು ಗಿಣ್ಣು ತಂದು ಹಂಚಿದ. ಎರಡು ತುಂಡು ನಾನೇ ತಿಂದೆ. ಹೊಟ್ಟೆಯ ಉರಿ ಅದಕ್ಕೂ ತಣ್ಣಗಾಗಲಿಲ್ಲ. ಅಂದಿನಿಂದ ಬಂಗಾರಪೇಟೆ ಬರುವ ತನಕ ನಾನೂ ಹಾಡು ಹಾಕುತ್ತೇನೆ. ಹಾಡುಗಳೆಲ್ಲ ಫೋನಿನೊಳಗೇ ಇದ್ದರೂ ಬ್ಯಾಟರಿ ಉಳಿತಾಯದ ಪಟ್ಟಿಗೆ ಹಾಡಿನ ಆಪನ್ನು ಮತ್ತೆ ಸೇರಿಸಿದ್ದೇನೆ. ಕೋರಮಂಡಲ್ ಸ್ಟೇಷನ್ನು ದಾಟುತ್ತಿದ್ದಂತೆ ಹಾಡು ಬಿಕ್ಕುತ್ತದೆ. ಕೈಗಳು ನಿಲ್ಲುತ್ತವೆ, ತಲೆಗಳೆಲ್ಲ ನನ್ನ ಕಡೆ ತಿರುಗುತ್ತವೆ, ಸೆಲ್ವಿಯಕ್ಕ ಫೋನಿನ ಊಟ ವಿಚಾರಿಸುತ್ತಾಳೆ. ಪಾಪ, ವೆಂಕಟೇಶನ ಹಾಡಿಗೆ ಒಬ್ಬರೂ ತಿರುಗಿ ನೋಡುವುದಿಲ್ಲ.