ಹಳೆ ಕಾರಿನ ಬಾಗಿಲು

ಮನುಷ್ಯರನ್ನು ನೋಡಿದ ಕೂಡಲೇ ಅಳೆಯುವ ವಿದ್ಯೆ ನನಗೆ ಬರುವುದಿಲ್ಲ. ಹಳೆ ಕಾರನ್ನು ಮಾತ್ರ ಅಳೆಯಬಲ್ಲೆ. ಹುಬ್ಬಳ್ಳಿಯಲ್ಲಿ ಕಾರು ಮಾರುತ್ತಲೇ ಕೂದಲು ನರೆಸಿಕೊಂಡು, ಎಪ್ಪತ್ತರ ದಶಕದ ಕೊನೆಗೆ ಹಾನಗಲ್ಲಿಗೆ ಬಂದು ನೆಲೆಸಿದೆ. ಹೊಸ ಕಾರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಹೀಗಾಗಿ ಸುತ್ತಲಿನವರು ಹಳೆ ಕಾರು ಕೊಳ್ಳುವಾಗ ಹುಡುಗಿ ನೋಡಲು ಹಿರಿಯರನ್ನು ಕರೆದೊಯ್ದಂತೆ ನನ್ನನ್ನು ಕರೆದೊಯ್ಯುತ್ತಿದ್ದರು.

ನನ್ನ ಅಭಿಪ್ರಾಯಗಳು ಗಟ್ಟಿ. ಮೀಟರನ್ನು ನಂಬಬಾರದು, ಬ್ರೇಕ್ ಪೆಡಲಿನ ರಬ್ಬರನ್ನು ನಂಬಬೇಕು. ರಬ್ಬರೂ ಹೊಸದಾಗಿದ್ದರೆ ಯಾರನ್ನೂ ನಂಬಬಾರದು. ಬೆಳಗಿನಲ್ಲೇ ಬಾನೆಟ್ ಬೆಚ್ಚಗಿದ್ದರೆ, ಕಾರನ್ನು ಚಾಲೂ ಮಾಡಲು ಮಾಲೀಕರು ನಮಗಿಂತ ಮೊದಲೇ ಎದ್ದು ಕಷ್ಟಪಟ್ಟಿದ್ದಾರೆ ಎಂದು ತಿಳಿಯಬೇಕು. ಕೊನೆಗೆ ಬಾಗಿಲುಗಳನ್ನು ಜೋರಾಗಿ ಹಾಕಿ ಕಿವಿಗೊಡಬೇಕು. ಒಮ್ಮೆ ಪೆಟ್ಟು ತಿಂದ ಕಾರಿನ ಬಾಗಿಲು ಎಷ್ಟು ದುರಸ್ತಿ ಮಾಡಿಸಿದರೂ ಮೊದಲಿನ ಸಪ್ಪಳ ಕೊಡುವುದಿಲ್ಲ. ಇದೆಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ತೀರ್ಪು ಹೇಳುವವರೆಗೆ ಆ ಮನೆಯ ಚಹಾ ಮುಟ್ಟಬಾರದು. ಚಹಾ ಕುಡಿದು ಎಲೆ ಅಡಿಕೆ ಹಾಕಿಕೊಂಡ ಮೇಲೆ "ನಿಮ್ಮ ಗಾಡಿ ಸರಿಯಿಲ್ಲ" ಎನ್ನಲು ನಮ್ಮ ಕಡೆಯವರ ನಾಲಿಗೆ ಏಳುವುದಿಲ್ಲ. ಮಿರ್ಚಿ ಭಜಿಯ ಮುಲಾಜಿಗೆ ಕಾರು ಕೊಂಡವರನ್ನು ನಾನು ಬಲ್ಲೆ. ಹುಬ್ಬಳ್ಳಿಯಲ್ಲಿ ಆ ಭಜಿ ತರಿಸುತ್ತಿದ್ದುದು ನಾನೇ.

ಒಮ್ಮೆ ಹಿರೇಕೆರೂರಿನ ಡಾಕ್ಟರ್ ಬಸವರಾಜ ಬಂದರು. "ಮೋಟಾರ್‌ಸೈಕಲ್ ಮ್ಯಾಲೆ ನಾ ಹೋಗಬಹುದ್ರಿ ರಾಯರ. ಹೆರಿಗಿ ಬ್ಯಾನಿ ತಿನ್ನೋ ಹೆಣ್ಮಗಳನ್ನ ಹೆಂಗ ಕರಕೊಂಡ ಬರ್ಲಿ? ಮಳಿಗಾಲದಾಗ ಮಾಸೂರಿಂದ ಚಕ್ಕಡಿ ಬರೂದ್ರಾಗ ಹೊತ್ತ ಮೀರತೈತಿ," ಎಂದರು. ಸವಣೂರಿನಲ್ಲಿ ಶಾಂತಾಬಾಯಿ ಎಂಬುವರು ತೀರಿಹೋದ ತಮ್ಮ ಯಜಮಾನರ ಫಿಯಟ್ ಮಾರುತ್ತಾರೆಂದು ಅವರಿಗೆ ತಿಳಿದಿತ್ತು. ಬಸ್ಸಿನಲ್ಲೇ ನಾನು ಡಾಕ್ಟರಿಗೆ ತಾಕೀತು ಮಾಡಿದೆ: "ಅಲ್ಲಿ ಬಾಯಿ ಬಿಡಬ್ಯಾಡ್ರಿ. ಕೊಳ್ಳೋರ ಆಸೆ ಮಾರಿ ಮ್ಯಾಲೆ ಕಾಣಬಾರ್ದು."

"ಬರ್ರಿ, ಕೂಡ್ರಿ, ಚಹಾ ಇಡ್ತೇನಿ," ಎಂದರು ಶಾಂತಾಬಾಯಿ.

"ಬ್ಯಾಡ್ರಿ. ಮೊದಲ ಗಾಡಿ," ಎಂದೆ ನಾನು.

ಡಾಕ್ಟರು ಬಾಯಿ ಬಿಡದೆ ಕಟ್ಟೆಯ ಮೇಲೆ ಕುಳಿತರು. ಅಂದರೆ ಮಾತಿಗೆ ಬಿಡಲಿಲ್ಲ, ಶಾಂತಾಬಾಯಿ ತಂದಿಟ್ಟ ಅವಲಕ್ಕಿಗೆ ಬಿಟ್ಟರು. ನಾನು ಶಿಸ್ತಿನಂತೆ ಬಾನೆಟ್ಟಿನಿಂದ ಆರಂಭಿಸಿ ದೇವರಿಗೆ ಹಾಕುವ ಹಾಗೆ ಪ್ರದಕ್ಷಿಣೆ ಹಾಕಿದೆ. ಬಾನೆಟ್ ತಣ್ಣಗಿತ್ತು. ರಬ್ಬರು ಪ್ರಾಮಾಣಿಕವಾಗಿ ಸವೆದಿತ್ತು. ಕೀಲಿ ತಿರುವಿದ್ದೇ ತಡ, ಎಂಜಿನ್ನು ಗುನುಗಲು ಹತ್ತಿತು. ಬಾಗಿಲುಗಳನ್ನು ಒಂದೊಂದಾಗಿ ಬೀಸಿ ಹಾಕಿದೆ. ಎಂಥ ಸಪ್ಪಳ! ಪರೀಕ್ಷೆ ಮುಗಿದಿದ್ದರೂ ಬರೀ ಸಂತೋಷಕ್ಕಾಗಿ ಇನ್ನೊಮ್ಮೆ ಎಲ್ಲವನ್ನೂ ಬೀಸಿ ಹಾಕಿದೆ.

"ಗಾಡಿ ಛಲೋ ಅದ," ಎಂದು ನ್ಯಾಯಾಧೀಶನಂತೆ ಘೋಷಿಸಿದೆ.

"ಅದು ನನಗೂ ಗೊತ್ತದ. ಆದರ ಕೊಡೂದಿಲ್ಲ," ಎಂದರು ಶಾಂತಾಬಾಯಿ.

ಡಾಕ್ಟರ ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತು. "ಯಾಕ್ರೀ ಬಾಯಾರ?" ಎಂದೆ.

"ನಮ್ಮನಿಯವರು ಈ ಬಾಗಲಾ ಮಲಗಿದ ಕೂಸು ಏಳಬಾರದು ಅನ್ನೂಹಂಗ ಹಾಕ್ತಿದ್ರು. ನೀವು ಬಂದಾಗಿಂದ ಧಡ್ ಧಡ್! ಮಾಳಿಗಿ ಮ್ಯಾಲಿನ ಕಾಗಿ ಸೈತ ಹಾರಿ ಹೋದ್ವು. ಮ್ಯಾಲೆ ಚಹಾನೂ ಬ್ಯಾಡ ಅಂದ್ರಿ. ಒಂದ ಕಪ್ ಚಹಾಕ್ಕ ಹೆದರೋರು ಗಾಡಿ ಹೆಂಗ ನೋಡ್ಕೋತೀರಿ?"

ನಾನು ಬಾಗಿಲು ಬಡಿಯುವುದರ ಹಿಂದಿನ ಶಾಸ್ತ್ರವನ್ನು ವಿವರಿಸತೊಡಗಿದೆ. ಅವರು ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಗ ಡಾಕ್ಟರು ನನ್ನ ಕಟ್ಟಪ್ಪಣೆ ಮುರಿದು ಬಾಯಿಬಿಟ್ಟರು: "ಬಾಯಾರ, ಗಾಡಿ ಇವರಿಗಲ್ರಿ, ನನಗ," ಎಂದು ಮಾಸೂರಿನ ಚಕ್ಕಡಿಯ ಕಥೆಯನ್ನೆಲ್ಲ ಹೇಳಿದರು.

"ನಿಮಗಾ? ಮೊದಲ ಹೇಳಬಾರದ?" ಶಾಂತಾಬಾಯಿಯ ಮುಖ ಅರಳಿತು. "ತಿಂದ ತಾಟು ಸಪ್ಪಳಿಲ್ಲದ ಕೆಳಗಿಟ್ರಿ, ಅದನ್ನ ನೋಡೇ ಇದ್ದೆ. ಬ್ಯಾನಿ ಆದ ಹೆಣ್ಮಕ್ಕಳು ಕೂಡೂ ಗಾಡಿ ಅಂದಮ್ಯಾಲೆ ಮಾತ ಬ್ಯಾರೆ. ತಗೋರಿ ಕೀಲಿ."

ಒಂದು ಕಾರನ್ನು ತಿಳಿಯಲು ನನಗೆ ಕಣ್ಣು, ಕಿವಿ, ಕೈ ಮತ್ತು ಒಂದಿಡೀ ಮುಂಜಾನೆ ಬೇಕಾಯಿತು. ಆ ತಾಯಿ ಅಡಿಗೆಮನೆಗೆ ಹೋಗಿ ಬರುತ್ತಲೇ ಇಬ್ಬರು ಗಂಡಸರನ್ನು ಅಳೆದು ಮುಗಿಸಿದ್ದರು. ನನ್ನ ಮಟ್ಟಿಗಂತೂ ಅವರ ಅಳತೆ ತಪ್ಪಿರಲಿಲ್ಲ. ತೆಪ್ಪಗೆ ಕುಳಿತು ಚಹಾ ಕುಡಿದೆ. ಶುಂಠಿ ಹಾಕಿದ ಆ ಚಹಾವನ್ನು ಮೊದಲೇ ಕುಡಿದಿದ್ದರೆ, ಎಂಜಿನ್ ಇಲ್ಲದ ಕಾರನ್ನೂ ನಾನು ಪಾಸು ಮಾಡುತ್ತಿದ್ದೆ.

ಹೊರಡುವಾಗ ಮುಂದಿನ ಸೀಟಿನಲ್ಲಿ ಕುಳಿತು ಬಾಗಿಲಿಗೆ ಕೈ ಹಾಕಿದೆ. "ಡಾಕ್ಟರ," ಎಂದು ಶಾಂತಾಬಾಯಿ ಮೆಟ್ಟಿಲ ಮೇಲಿನಿಂದ ಕೂಗಿದರು, "ಅವರ ಬಾಗಲಾ ನೀವ ಹಾಕ್ರಿ. ಇವತ್ತಷ್ಟ ಅಲ್ಲ, ಯಾವಾಗಲೂ."

"ಆಗ್ಲಿ ಬಾಯಾರ," ಎಂದರು ಡಾಕ್ಟರು. ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಆ ಕಾರಿನಲ್ಲಿ ಮಾಸೂರಿನಿಂದ ಎಷ್ಟೋ ತಾಯಂದಿರು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದ್ದಾರೆ. ನಾನು ಹತ್ತಿದಾಗೆಲ್ಲ ಡಾಕ್ಟರು ಇಳಿದು, ಸುತ್ತು ಹಾಕಿ ಬಂದು, ನನ್ನ ಬಾಗಿಲನ್ನು ಮೆಲ್ಲಗೆ ಹಾಕುತ್ತಾರೆ. ಹಿರೇಕೆರೂರಿನ ಬಸ್ ನಿಲ್ದಾಣದ ಮುಂದೆ ನಿಂತ ಜನ ಇದನ್ನು ನೋಡಿ, "ಹಿರ್ಯಾರಿಗೆ ಎಂಥಾ ಮರ್ಯಾದಿ ಕೊಡ್ತಾರ ನೋಡು," ಎನ್ನುತ್ತಾರೆ. ನಾನು ಗಂಭೀರವಾಗಿ ತಲೆ ಆಡಿಸುತ್ತೇನೆ.